ಸೇನೆಗೆ ಸೇರುವ ಮುನ್ನ ತೂಕ ಇಳಿಸಿ ಮೈ ಗಟ್ಟಿ ಮಾಡಿಕೊಳ್ಳುವುದು ಹೇಗೆ: 16 ವಾರಗಳ ಸಮಗ್ರ ಮಾರ್ಗದರ್ಶಿ

ಸೇನೆಯ ದೈಹಿಕ ಪರೀಕ್ಷೆಗೆ ತಯಾರಿ ಶುರು ಮಾಡಿದವರಲ್ಲಿ ಎಷ್ಟೋ ಜನ ಮೂರನೇ ವಾರದಲ್ಲೇ ಕೈಬಿಡುತ್ತಾರೆ. ಮೊದಲ ದಿನವೇ ಓಡುತ್ತಾರೆ. ಊಟವನ್ನು ಅರ್ಧಕ್ಕೆ ಇಳಿಸುತ್ತಾರೆ. ಎರಡು ವಾರ ತೂಕ ಸರಸರ ಇಳಿಯುತ್ತದೆ. ಆಮೇಲೆ ಮಂಡಿಯ ಕೆಳಗೆ ನೋವು, ರಾತ್ರಿ ತಡೆಯಲಾಗದ ಹಸಿವು, ಹತ್ತು ದಿನ ರಜೆ. ರಜೆ ಮುಗಿಸಿ ತಕ್ಕಡಿ ಹತ್ತಿದರೆ ಇಳಿದ ತೂಕವೆಲ್ಲ ವಾಪಸ್ ಬಂದಿರುತ್ತದೆ. ಮತ್ತೆ ಮೊದಲಿಂದ.

ಇವರಲ್ಲಿ ಛಲಕ್ಕೇನೂ ಕೊರತೆ ಇರುವುದಿಲ್ಲ. ಎಡವುವುದು ಕ್ರಮದಲ್ಲಿ. ತೂಕ ಇಳಿಯುವುದು ಮುಖ್ಯವಾಗಿ ತಟ್ಟೆಯಿಂದ. ದಮ್ಮು ಬರುವುದು ಓಟದಿಂದ. ಆ ಓಟವನ್ನು ತಾಳುವ ಕಾಲು ಬರುವುದು ನಡಿಗೆಯಿಂದ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಮೂಳೆಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಬೇಕು. ಅಂದರೆ "ಇನ್ನೂ ಓಡಬಲ್ಲೆ" ಅಂತ ಉಸಿರು ಹೇಳುವ ಹೊತ್ತಿಗೆ ಮೂಳೆ ಇನ್ನೂ ತಯಾರಾಗಿರುವುದಿಲ್ಲ. ಈ ಮಾರ್ಗದರ್ಶಿಯ ಹಂತಗಳ ಕ್ರಮ ನಿಂತಿರುವುದು ಇದೊಂದು ವಿಷಯದ ಮೇಲೆ. ದಯವಿಟ್ಟು ಹಂತ ಹಾರಬೇಡಿ.

## ಬೇಕಾಗುವ ಸಾಮಾನು

ಪಟ್ಟಿ ದೊಡ್ಡದೇನಲ್ಲ. ಓಟದ ಶೂ ಒಂದು ಜೊತೆ, ಸೆಕೆಂಡು ತೋರಿಸುವ ಗಡಿಯಾರ ಅಥವಾ ಫೋನು, ಮೈತೂಕದ ತಕ್ಕಡಿ, ದರ್ಜಿಯ ಟೇಪು, ನೇತಾಡಲು ಗಟ್ಟಿಯಾದ ಕಂಬಿ, ಒಂದು ನೋಟ್‌ಬುಕ್. ಕೊನೆಯ ಐದಾರು ವಾರಗಳಿಗೆ ಬೆನ್ನಿಗೆ ಸರಿಯಾಗಿ ಕೂರುವ ಬ್ಯಾಗು.

ಖರ್ಚು ಮಾಡುವುದಾದರೆ ಶೂಗೆ ಮಾಡಿ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಹಿಗ್ಗಿರುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಓಡುವಷ್ಟರಲ್ಲಿ ಶೂ ಒಳಗಿನ ಮೆತ್ತೆ ಸೋಲುತ್ತದೆ. ಮೇಲಿನಿಂದ ಹೊಸದರಂತೆ ಕಂಡರೂ ಅದು ಹಳೆಯದೇ. ಪೌಡರ್, ಮಾತ್ರೆ, ಬೆವರಿಳಿಸುವ ಬೆಲ್ಟು ಇವ್ಯಾವುವೂ ಬೇಡ.

## ಹಂತ 1: ಯಾವ ಪರೀಕ್ಷೆ ಅಂತ ಬರೆದಿಟ್ಟುಕೊಳ್ಳಿ

ಒಂದೊಂದು ಸೇನೆಯ ನಿಯಮ ಒಂದೊಂದು ಥರ. ಓಟ ಕೆಲವೆಡೆ 1.6 ಕಿ.ಮೀ., ಕೆಲವೆಡೆ 2.4, ಇನ್ನು ಕೆಲವೆಡೆ 3.2. ಕೆಲವರು ಪುಶ್-ಅಪ್ ಎಣಿಸುತ್ತಾರೆ, ಕೆಲವರು ಪುಲ್-ಅಪ್. ತೂಕಕ್ಕೆ ಎತ್ತರ-ತೂಕದ ಪಟ್ಟಿ ನೋಡುವವರಿದ್ದಾರೆ, ಸೊಂಟದ ಸುತ್ತಳತೆ ನೋಡುವವರೂ ಇದ್ದಾರೆ. ನೀವು ಸೇರುವ ಪಡೆಯ ಅಧಿಕೃತ ಪ್ರಕಟಣೆ ತೆರೆದು ದೂರ, ಸಮಯ, ಎಣಿಕೆ, ತೂಕದ ಮಿತಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಗೆಳೆಯ ಹೇಳಿದ ಅಂಕಿಯನ್ನು ನಂಬಿ ತಯಾರಿ ಮಾಡಬೇಡಿ, ನಿಯಮ ಬದಲಾಗುತ್ತಿರುತ್ತದೆ.

ಅಲ್ಲಿರುವ ಕನಿಷ್ಠ ಅಂಕಿಗಿಂತ ಹತ್ತು ಪರ್ಸೆಂಟ್ ಮೇಲೆ ನಿಮ್ಮ ಗುರಿ ಇಡಿ. ಪರೀಕ್ಷೆಯ ದಿನ ನಿದ್ದೆ ಕೆಟ್ಟಿರುತ್ತದೆ, ಎದೆ ಡವಡವ ಅನ್ನುತ್ತಿರುತ್ತದೆ, ಸರದಿಗಾಗಿ ಗಂಟೆಗಟ್ಟಲೆ ಕಾಯಬೇಕಾಗಬಹುದು. ಆ ಹತ್ತು ಪರ್ಸೆಂಟ್ ಅದಕ್ಕೇ ಖರ್ಚಾಗಿಬಿಡುತ್ತದೆ.

## ಹಂತ 2: ಮೊದಲು ವೈದ್ಯರು, ಆಮೇಲೆ ಮೈದಾನ

ಈ ಹಂತವನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಬಿಡಬೇಡಿ. ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿ. ತೂಕ ತುಂಬಾ ಹೆಚ್ಚಿದ್ದು ಸದಾ ಸುಸ್ತು ಇದ್ದರೆ ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ಕೇಳಿ.

ಈ ಮೂರನ್ನು ಮಾತ್ರ ಮುಚ್ಚಿಡದೆ ಹೇಳಿ. ಓಡುವಾಗ ಯಾವತ್ತಾದರೂ ಎದೆ ನೋವು ಬಂದಿದೆಯಾ? ಓಡುತ್ತಾ ತಲೆ ತಿರುಗಿ ಬಿದ್ದದ್ದಿದೆಯಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದಾರಾ? ಒಂದಕ್ಕೆ ಹೌದು ಅಂದರೂ ಹೃದಯದ ತಪಾಸಣೆ ಆಗದೆ ವೇಗದ ಓಟಕ್ಕೆ ಇಳಿಯಬಾರದು.

## ಹಂತ 3: ಇವತ್ತಿನ ಲೆಕ್ಕ ಬರೆಯಿರಿ

ಬೆಳಿಗ್ಗೆ ಎದ್ದು ಶೌಚ ಮುಗಿಸಿ, ನೀರು ಕುಡಿಯುವ ಮುನ್ನ ತೂಕ ನೋಡಿ. ಸೊಂಟವನ್ನು ಹೊಕ್ಕುಳಿನ ಮಟ್ಟದಲ್ಲಿ, ಹೊಟ್ಟೆ ಎಳೆದುಕೊಳ್ಳದೆ ಅಳೆಯಿರಿ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಅರ್ಧ ಗಂಟೆ ಬಿರುಸಾಗಿ ನಡೆದು ಎಷ್ಟು ದೂರ ಹೋದಿರಿ ನೋಡಿ. ಸರಿಯಾದ ಪುಶ್-ಅಪ್ ಎಷ್ಟು ಆಗುತ್ತವೆ ಎಣಿಸಿ. ಸೊನ್ನೆ ಆದರೆ ಸೊನ್ನೆ ಅಂತಲೇ ಬರೆಯಿರಿ. ಓಟದ ಪರೀಕ್ಷೆ ಈಗ ಬೇಡ.

ಈಗ ವಾರಗಳ ಲೆಕ್ಕ. ವಾರಕ್ಕೆ ಮೈತೂಕದ ಅರ್ಧದಿಂದ ಒಂದು ಪರ್ಸೆಂಟ್ ಇಳಿಸಬಹುದು. 90 ಕಿಲೋ ಇರುವವರಿಗೆ ಅದು ವಾರಕ್ಕೆ 450ರಿಂದ 900 ಗ್ರಾಂ. 16 ವಾರಕ್ಕೆ ಸುಮಾರು 7ರಿಂದ 13 ಕಿಲೋ. ನೀವು 20 ಕಿಲೋ ಇಳಿಸಬೇಕಿದ್ದರೆ ಈ 16 ವಾರ ಸಾಲದು. ಹಂತ 5ರ ನಡಿಗೆಯಲ್ಲೇ ಇನ್ನೂ ಎರಡು-ಮೂರು ತಿಂಗಳು ಇರಿ, ಇಲ್ಲವೇ ಮುಂದಿನ ನೇಮಕಾತಿಗೆ ಹೋಗಿ. ಕೇಳಲು ಕಷ್ಟ, ಗೊತ್ತು. ಆದರೆ ಅವಸರದಲ್ಲಿ ಕಾಲು ಮುರಿದುಕೊಂಡವರು ಎರಡು ನೇಮಕಾತಿ ಕಳೆದುಕೊಳ್ಳುತ್ತಾರೆ.

## ಹಂತ 4: ತಟ್ಟೆ ಸರಿಮಾಡಿ

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ 3,500 ಉಳಿಯುತ್ತದೆ, ಅಂದರೆ ಅರ್ಧ ಕಿಲೋಗೆ ಹತ್ತಿರ. ಇದನ್ನು ಓಟದಿಂದಲೇ ಕರಗಿಸಲು ಹೋದರೆ? 90 ಕಿಲೋ ಮನುಷ್ಯ ಒಂದು ಕಿ.ಮೀ. ಓಡಿದರೆ ಖರ್ಚಾಗುವುದು ಸುಮಾರು 90 ಕ್ಯಾಲೊರಿ. ಅರ್ಧ ಲೀಟರ್ ಸಿಹಿ ಪಾನೀಯದಲ್ಲಿ 200 ಚಿಲ್ಲರೆ ಕ್ಯಾಲೊರಿ. ಎರಡು ನಿಮಿಷದಲ್ಲಿ ಕುಡಿದದ್ದನ್ನು ಕರಗಿಸಲು ಎರಡು ಕಿ.ಮೀ.ಗಿಂತ ಜಾಸ್ತಿ ಓಡಬೇಕು. ಇನ್ನೂ ಓಡಲೇಬಾರದ ಕಾಲಿನಲ್ಲಿ ಅಷ್ಟು ಓಡಿಸುವುದಕ್ಕಿಂತ ಆ ಬಾಟಲಿ ಬಿಡುವುದು ಸುಲಭ, ಅಲ್ವಾ?

ಮೊದಲ ವಾರ ಏನನ್ನೂ ಬದಲಿಸಬೇಡಿ. ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ, ಅಷ್ಟೇ. ಅಡುಗೆಗೆ ಸುರಿದ ಎಣ್ಣೆ, ಟೀಗೆ ಹಾಕಿದ ಸಕ್ಕರೆ, ಟಿವಿ ಮುಂದೆ ಕೂತು ತಿಂದ ಒಂದು ಹಿಡಿ ಕುರುಕಲು, ಎಲ್ಲವೂ. ಎಣ್ಣೆಯನ್ನು ಚಮಚದಲ್ಲಿ ಅಳೆಯಿರಿ. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ ಇರುತ್ತದೆ, ಕಣ್ಣಂದಾಜಿನಲ್ಲಿ ಸುರಿದರೆ ಎರಡು-ಮೂರು ಚಮಚ ಸುಮ್ನೆ ಹೋಗಿಬಿಡುತ್ತದೆ.

ಎರಡನೇ ವಾರದಿಂದ ಈ ಸಾಲಿನಲ್ಲಿ ಬದಲಿಸಿ. ಮೊದಲು ಸಿಹಿ ಪಾನೀಯ ನಿಲ್ಲಿಸಿ. ಮುಂದಿನ ವಾರ ಕರಿದದ್ದು ಮತ್ತು ಸಿಹಿತಿಂಡಿಯನ್ನು ವಾರಕ್ಕೊಮ್ಮೆಗೆ ಇಳಿಸಿ. ಅದರ ಮುಂದಿನ ವಾರ ತಟ್ಟೆಯ ಅಳತೆ: ಅರ್ಧ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಅನ್ನವೋ ರೊಟ್ಟಿಯೋ. ಒಂದೇ ದಿನ ಎಲ್ಲವನ್ನೂ ಬಿಟ್ಟವರು ಹತ್ತನೇ ದಿನ ಎಲ್ಲವನ್ನೂ ಒಟ್ಟಿಗೆ ತಿನ್ನುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರೋಟೀನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಸ್ನಾಯು ಹೋದರೆ ತಕ್ಕಡಿಯಲ್ಲಿ ಪಾಸು, ಪುಶ್-ಅಪ್‌ನಲ್ಲಿ ಫೇಲು. ಅದನ್ನು ತಡೆಯಲು ಎರಡು ಬೇಕು: ವಾರಕ್ಕೆ ಮೂರು ದಿನ ಬಲದ ವ್ಯಾಯಾಮ, ಮತ್ತು ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 7ರ ಆಸುಪಾಸು, ಬೇಯಿಸದ 100 ಗ್ರಾಂ ಬೇಳೆಯಲ್ಲಿ 22ರಿಂದ 24, ಬೇಯಿಸಿದ 100 ಗ್ರಾಂ ಕೋಳಿಮಾಂಸದಲ್ಲಿ 27ರಷ್ಟು. ಒಂದೇ ಹೊತ್ತಿಗೆ ತುಂಬಿಕೊಳ್ಳದೆ ಮೂರು-ನಾಲ್ಕು ಊಟಕ್ಕೆ ಹಂಚಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ.

ತಕ್ಕಡಿ ಓದುವ ಬಗೆ. ಊಟ ಇಳಿಸಿದ ಮೊದಲ ವಾರ ಎರಡು ಕಿಲೋ ಇಳಿದರೆ ಹಿಗ್ಗಬೇಡಿ, ಅದರಲ್ಲಿ ಹೆಚ್ಚಿನದು ನೀರು. ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಸಕ್ಕರೆಯನ್ನು ಗ್ಲೈಕೋಜನ್ ಅನ್ನುವ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ, ಊಟ ಇಳಿದಾಗ ಮೊದಲು ಹೋಗುವುದು ಅದೇ. ಹಾಗೆಯೇ ಉಪ್ಪು ಜಾಸ್ತಿ ತಿಂದ ಮರುದಿನ ಒಂದು ಕಿಲೋ ಏರಿದರೆ ಕುಗ್ಗಲೂ ಬೇಡಿ. ದಿನವೂ ತೂಕ ನೋಡಿ, ಆದರೆ ಏಳು ದಿನದ ಸರಾಸರಿಯನ್ನು ಮಾತ್ರ ಹಿಂದಿನ ವಾರದ ಸರಾಸರಿಗೆ ಹೋಲಿಸಿ.

ಎರಡು ವಾರ ಸರಾಸರಿಯೂ ಅಲುಗಿಲ್ಲ, ಸೊಂಟವೂ ಇಳಿದಿಲ್ಲ ಅಂದರೆ ಮತ್ತೆ ಮೂರು ದಿನ ಎಲ್ಲವನ್ನೂ ಅಳೆದು ಬರೆಯಿರಿ. ಎಣ್ಣೆಯೋ, ಪಾನೀಯವೋ, ರಜಾದಿನದ ಊಟವೋ ಹಿಂದಿನ ಬಾಗಿಲಿಂದ ಒಳಗೆ ಬಂದಿರುತ್ತದೆ. ಬಂದಿಲ್ಲ ಅಂದರೆ ದಿನಕ್ಕೆ 150-200 ಕ್ಯಾಲೊರಿ ಇಳಿಸಿ, ಅಥವಾ 20 ನಿಮಿಷ ನಡಿಗೆ ಸೇರಿಸಿ. ಎರಡನ್ನೂ ಒಟ್ಟಿಗೆ ಬೇಡ.

ಎಚ್ಚರಿಕೆಯ ಗುರುತು. ಸದಾ ಚಳಿ, ನಿದ್ದೆ ಬಾರದಿರುವುದು, ಕೂದಲು ಉದುರುವುದು, ಮೊನ್ನೆ ಸಲೀಸಾಗಿ ಮಾಡಿದ ಪುಶ್-ಅಪ್ ಇವತ್ತು ಆಗದಿರುವುದು. ಇವು ಕಂಡರೆ ನೀವು ತೀರಾ ಕಡಿಮೆ ತಿನ್ನುತ್ತಿದ್ದೀರಿ. ಹೆಣ್ಣುಮಕ್ಕಳಿಗೆ ಮುಟ್ಟು ಮೂರು ತಿಂಗಳು ನಿಂತರೆ ಅದು ದೊಡ್ಡ ಎಚ್ಚರಿಕೆ, ಯಾಕೆಂದರೆ ಆಗ ಮೂಳೆಯೂ ಸವೆಯುತ್ತಿರಬಹುದು. ತಡ ಮಾಡದೆ ವೈದ್ಯರನ್ನು ಕಾಣಿ. ತೀರಾ ಬೇಗ ತೂಕ ಇಳಿಸುವವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಇದೆ.

## ಹಂತ 5: 1ರಿಂದ 4ನೇ ವಾರ, ನಡಿಗೆ ಮಾತ್ರ

ವಾರಕ್ಕೆ ಐದು ದಿನ ನಡೆಯಿರಿ. ಮೊದಲ ವಾರ 30 ನಿಮಿಷ, ಎರಡನೇ ವಾರ 35, ಮೂರನೇ ವಾರ 45. ನಾಲ್ಕನೇ ವಾರ ನಾಲ್ಕು ದಿನ 45 ನಿಮಿಷ, ಒಂದು ದಿನ 75 ನಿಮಿಷ. ವೇಗ ಹೇಗಿರಬೇಕು ಅಂದರೆ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು.

"ನಡಿಗೆಯಿಂದ ಏನಾಗುತ್ತೆ, ನಾನು ಓಡಬಲ್ಲೆ" ಅನ್ನಿಸುವುದು ಇಲ್ಲೇ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನಡೆಯುವಾಗ ಅದು ಮೈತೂಕಕ್ಕಿಂತ ಸ್ವಲ್ಪವೇ ಜಾಸ್ತಿ. ಈ ನಾಲ್ಕು ವಾರದಲ್ಲಿ ನೀವು ಎರಡು-ಮೂರು ಕಿಲೋ ಇಳಿದರೆ, ಆಮೇಲೆ ಓಡುವ ಪ್ರತಿ ಹೆಜ್ಜೆಯಲ್ಲೂ ಆರೇಳು ಕಿಲೋ ಹೊರೆ ಕಡಿಮೆಯಾಗಿರುತ್ತದೆ.

## ಹಂತ 6: ಬಲದ ವ್ಯಾಯಾಮ, ಮೊದಲ ವಾರದಿಂದಲೇ

ಇದು ನಡಿಗೆಯ ಜೊತೆಜೊತೆಗೇ ಸಾಗಬೇಕು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು, ಒಂದು ಸಲಕ್ಕೆ 30 ನಿಮಿಷ ಸಾಕು.

ಪುಶ್-ಅಪ್. ನೆಲದ ಮೇಲೆ ಒಂದೂ ಆಗದಿದ್ದರೆ ಗೋಡೆಗೆ ಕೈಕೊಟ್ಟು ಶುರು ಮಾಡಿ. 15 ಸಲೀಸಾದರೆ ಮೇಜಿಗೆ ಇಳಿಯಿರಿ, ಆಮೇಲೆ ಬೆಂಚಿಗೆ, ಆಮೇಲೆ ನೆಲಕ್ಕೆ. ನೆಲದಲ್ಲಿ ನಿಮಗೆ ಗರಿಷ್ಠ 12 ಆಗುತ್ತವೆ ಅಂತಿಟ್ಟುಕೊಳ್ಳಿ. ಪ್ರತಿದಿನ 12ಕ್ಕೆ ಗುದ್ದಾಡಬೇಡಿ. 6 ಅಥವಾ 7ರಂತೆ ನಾಲ್ಕು ಸೆಟ್ ಮಾಡಿ, ನಡುವೆ ಒಂದೂವರೆ ನಿಮಿಷ ಬಿಡುವು. ವಾರಕ್ಕೆ ಒಂದೊಂದು ಸೇರಿಸಿ. ತಲೆಯಿಂದ ಹಿಮ್ಮಡಿವರೆಗೆ ಮೈ ಒಂದೇ ಹಲಗೆಯಂತಿರಲಿ, ಎದೆ ಪೂರ್ತಿ ಕೆಳಗಿಳಿಯಲಿ, ಮೇಲೆ ಬಂದಾಗ ಮೊಣಕೈ ನೆಟ್ಟಗಾಗಲಿ. ಅರ್ಧಂಬರ್ಧ ಮಾಡಿದ ಐವತ್ತನ್ನು ಪರೀಕ್ಷೆ ಮಾಡುವವರು ಇಪ್ಪತ್ತು ಅಂತ ಬರೆದುಕೊಂಡರೆ ವಾದ ಮಾಡಲು ಆಗುವುದಿಲ್ಲ. ಫೋನಿನಲ್ಲಿ ಪಕ್ಕದಿಂದ ವಿಡಿಯೋ ಮಾಡಿ ನೋಡಿಕೊಳ್ಳಿ, ಸೊಂಟ ಜೋತುಬಿದ್ದದ್ದು ಕಣ್ಣಿಗೇ ಕಾಣುತ್ತದೆ.

ಪುಲ್-ಅಪ್. ಇದು ಬೇಗ ಬರುವುದಿಲ್ಲ, ಆದ್ದರಿಂದಲೇ ಮೊದಲ ದಿನದಿಂದ ಶುರು ಮಾಡಬೇಕು. ಮೊದಲು ಕಂಬಿಗೆ 20ರಿಂದ 30 ಸೆಕೆಂಡು ನೇತಾಡುವುದು. ಆಮೇಲೆ ಸ್ಟೂಲ್ ಹತ್ತಿ ಗದ್ದವನ್ನು ಕಂಬಿಯ ಮೇಲಿಟ್ಟು, ಐದು ಸೆಕೆಂಡು ಎಣಿಸುತ್ತಾ ನಿಧಾನಕ್ಕೆ ಇಳಿಯುವುದು. ಹೀಗೆ ಇಳಿಯುವುದನ್ನು ದಿನಕ್ಕೆ ಐದು ಸಲ, ವಾರಕ್ಕೆ ಮೂರು ದಿನ ಮಾಡುತ್ತಾ ಬಂದರೆ ಮೊದಲ ಪುಲ್-ಅಪ್‌ಗೆ ಬೇಕಾದ ಬಲ ಕೂಡಿಬರುತ್ತದೆ. ಇಳಿಯುವ ಒಂದೊಂದು ಕಿಲೋ ಕೂಡ ಇಲ್ಲಿ ಎದ್ದು ಕಾಣುವಷ್ಟು ಸಹಾಯ ಮಾಡುತ್ತದೆ.

ಕಾಲು ಮತ್ತು ನಡು. ಸ್ಕ್ವಾಟ್ 3 ಸೆಟ್, 12ರಂತೆ. ಪ್ಲ್ಯಾಂಕ್ (ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ಹಿಡಿದಿರುವುದು) 3 ಸಲ, 20 ಸೆಕೆಂಡಿನಿಂದ ಒಂದು ನಿಮಿಷದವರೆಗೆ. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ: ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಮಂಡಿ ನೆಟ್ಟಗಿಟ್ಟು 15, ಸ್ವಲ್ಪ ಬಾಗಿಸಿ 15, ಹೀಗೆ ಮೂರು ಸೆಟ್. ಮೀನಖಂಡ ಗಟ್ಟಿಯಾದಷ್ಟೂ ಅದರ ಮುಂದಿರುವ ಮೂಳೆಗೆ ಹೊಡೆತ ಕಡಿಮೆ.

## ಹಂತ 7: 5ರಿಂದ 10ನೇ ವಾರ, ನಡಿಗೆ-ಓಟ

ವಾರಕ್ಕೆ ಮೂರು ದಿನ ಮಾತ್ರ, ಎರಡು ಓಟದ ದಿನಗಳ ನಡುವೆ ಒಂದು ದಿನ ಬಿಡುವು ಇರಲೇಬೇಕು. ಉಳಿದ ಎರಡು ದಿನ ನಡಿಗೆ. ಪ್ರತಿ ಸಲ ಐದು ನಿಮಿಷ ನಡೆದು ಶುರು ಮಾಡಿ, ಐದು ನಿಮಿಷ ನಡೆದು ಮುಗಿಸಿ.

5ನೇ ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, 8 ಸಲ.
6ನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, 6 ಸಲ.
7ನೇ ವಾರ: 3 ನಿಮಿಷ ಓಟ, 2 ನಿಮಿಷ ನಡಿಗೆ, 5 ಸಲ.
8ನೇ ವಾರ: 5 ನಿಮಿಷ ಓಟ, 2 ನಿಮಿಷ ನಡಿಗೆ, 4 ಸಲ.
9ನೇ ವಾರ: 8 ನಿಮಿಷ ಓಟ, 2 ನಿಮಿಷ ನಡಿಗೆ, 3 ಸಲ.
10ನೇ ವಾರ: ನಿಲ್ಲದೆ 20 ನಿಮಿಷ ನಿಧಾನ ಓಟ.

ಓಟ ಅಂದರೆ ಇಲ್ಲಿ ಜಾಗಿಂಗ್. ಪೂರ್ತಿ ಒಂದು ವಾಕ್ಯ ಹೇಳಲು ಆಗಬೇಕು. ಎರಡು ಪದಕ್ಕೆ ಏದುಸಿರು ಬಂದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ. ಒಂದು ವಾರ ಕಷ್ಟವಾದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ, ನಾಚಿಕೆ ಬೇಡ. ಹೆಜ್ಜೆ ಚಿಕ್ಕದಿರಲಿ, ಪಾದ ಮೈಯ ಕೆಳಗೇ ಬೀಳಲಿ. ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಕುಕ್ಕುತ್ತಾ ಓಡಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆ. ಸಿಮೆಂಟ್ ರಸ್ತೆಗಿಂತ ಸಮತಟ್ಟಾದ ಮಣ್ಣಿನ ಮೈದಾನ ಒಳ್ಳೆಯದು.

### ಮಂಡಿ ಕೆಳಗಿನ ಮೂಳೆ ನೋವು ಬಂದರೆ

ಜನ ಸೋಲುವುದು ಇಲ್ಲೇ, ಅದಕ್ಕೆ ಉದ್ದವಾಗಿ ಹೇಳುತ್ತೇನೆ. ನೋವು ಬಂದ ದಿನ ಕೂತು, ಕಾಲಿನ ಮುಂಭಾಗದ ಮೂಳೆಯ ಒಳ ಅಂಚಿನ ಮೇಲೆ ಹೆಬ್ಬೆರಳಿಟ್ಟು ಮಂಡಿಯಿಂದ ಪಾದದವರೆಗೆ ಒತ್ತುತ್ತಾ ಬನ್ನಿ. ನೋವು ಒಂದು ಗೇಣಿನಷ್ಟು ಉದ್ದಕ್ಕೆ ಹರಡಿದೆ, ಓಟದ ಶುರುವಿನಲ್ಲಿ ಜಾಸ್ತಿ ಇದ್ದು ಮೈ ಬೆಚ್ಚಗಾದಂತೆ ಕಡಿಮೆಯಾಗುತ್ತದೆ ಅಂದರೆ ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್, ಅಂದರೆ ಓಟದ ಹೊರೆ ಹೆಚ್ಚಾಗಿ ಆ ಮೂಳೆಯ ಅಂಚಿನಲ್ಲಿ ಬರುವ ನೋವು. ಏಳರಿಂದ ಹತ್ತು ದಿನ ಓಟ ನಿಲ್ಲಿಸಿ. ನೋವಿಲ್ಲದಿದ್ದರೆ ನಡಿಗೆ, ಸೈಕಲ್, ಈಜು ಮಾಡಬಹುದು. ದಿನಕ್ಕೆ ಎರಡು-ಮೂರು ಸಲ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 15 ನಿಮಿಷ ಇಡಿ. ನೋವು ಪೂರ್ತಿ ಹೋದ ಮೇಲೆ, ಬಿಟ್ಟ ವಾರಕ್ಕಿಂತ ಎರಡು ವಾರ ಹಿಂದಿನ ಪಟ್ಟಿಯಿಂದ ಶುರು ಮಾಡಿ.

ಆದರೆ ನೋವು ಒಂದು ನಾಣ್ಯದಷ್ಟು ಜಾಗದಲ್ಲಿ ಮಾತ್ರ ಇದೆ, ಒತ್ತಿದರೆ ಹೌಹಾರುವಂತಾಗುತ್ತದೆ, ಓಡಿದಂತೆಲ್ಲ ಹೆಚ್ಚುತ್ತದೆ, ರಾತ್ರಿ ಮಲಗಿದಾಗಲೂ ಬಿಡುವುದಿಲ್ಲ ಅಂದರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರಬಹುದು. ಓಟ ಅವತ್ತೇ ನಿಲ್ಲಬೇಕು. ಮೂಳೆ ವೈದ್ಯರ ಹತ್ತಿರ ಹೋಗಿ. ಮೊದಲ ವಾರಗಳ ಎಕ್ಸ್-ರೇಯಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. "ಎಕ್ಸ್-ರೇ ಸರಿಯಿದೆ" ಅಂತ ಮರುದಿನ ಓಡಬೇಡಿ. ನಾನು ಒಮ್ಮೆ ಹಾಗೆಯೇ ಓಡಿದೆ. ನೋವಿನ ಮಾತ್ರೆ ನುಂಗಿ ಇನ್ನೂ ಎರಡು ವಾರ ಓಡಿದೆ. ಕೊನೆಗೆ ಎರಡು ತಿಂಗಳು ಕಾಲು ಊರಲಾಗದೆ ಮನೆಯಲ್ಲಿ ಕೂತೆ. ಅಷ್ಟರಲ್ಲಿ ಆ ವರ್ಷದ ಪರೀಕ್ಷೆ ಮುಗಿದೇ ಹೋಗಿತ್ತು. ನೋವಿನ ಮಾತ್ರೆ ಬಿರುಕನ್ನು ಬೆಸೆಯುವುದಿಲ್ಲ, ಬಿರುಕು ಇದೆ ಅನ್ನುವ ಸುದ್ದಿಯನ್ನಷ್ಟೇ ತಡೆಯುತ್ತದೆ.

## ಹಂತ 8: 11ರಿಂದ 15ನೇ ವಾರ, ವೇಗ

ನಿಲ್ಲದೆ 20 ನಿಮಿಷ ಓಡಲು ಬಂದವರು ಮಾತ್ರ ಈ ಹಂತಕ್ಕೆ ಬನ್ನಿ. ವಾರಕ್ಕೆ ಒಂದೇ ದಿನ ವೇಗದ ಓಟ. ಇನ್ನೊಂದು ದಿನ 20-25 ನಿಮಿಷ ನಿಧಾನ ಓಟ, ಮತ್ತೊಂದು ದಿನ 30-40 ನಿಮಿಷ ನಿಧಾನ ಓಟ.

ಗುರಿ 2.4 ಕಿ.ಮೀ.ಯನ್ನು 12 ನಿಮಿಷದಲ್ಲಿ ಮುಗಿಸುವುದು ಅಂದುಕೊಳ್ಳೋಣ. 400 ಮೀಟರ್ ಟ್ರ್ಯಾಕಿನಲ್ಲಿ ಅದು ಆರು ಸುತ್ತು, ಸುತ್ತಿಗೆ ಎರಡು ನಿಮಿಷ. ನಿಮ್ಮ ದೂರ ಮತ್ತು ಸಮಯ ಬೇರೆ ಇದ್ದರೆ ಸುತ್ತಿನ ಸಮಯವನ್ನು ಹೀಗೆಯೇ ಭಾಗಿಸಿ ತೆಗೆಯಿರಿ. 11ನೇ ವಾರ 4 ಸುತ್ತು, ಪ್ರತಿಯೊಂದೂ 2 ನಿಮಿಷಕ್ಕೆ, ನಡುವೆ 2 ನಿಮಿಷ ನಡಿಗೆ. 12ನೇ ವಾರ 5 ಸುತ್ತು. 13ನೇ ವಾರ 6 ಸುತ್ತು, ಬಿಡುವು ಒಂದೂವರೆ ನಿಮಿಷ. 14ನೇ ವಾರ ಎರಡೆರಡು ಸುತ್ತು ಸೇರಿಸಿ 4 ನಿಮಿಷಕ್ಕೆ, ಹೀಗೆ ಮೂರು ಸಲ, ನಡುವೆ 2 ನಿಮಿಷ. 15ನೇ ವಾರದ ಶುರುವಿನಲ್ಲಿ ಪೂರ್ತಿ ದೂರ ಒಮ್ಮೆ ಓಡಿ ಸಮಯ ನೋಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಮೊದಲ ಸುತ್ತಿನಲ್ಲೇ ಇರುತ್ತದೆ. ಒಬ್ಬ ಹುಡುಗನಿಗೆ ನಾನೇ ಗಡಿಯಾರ ಹಿಡಿದು ನಿಂತಿದ್ದೆ. ಅವನ ಸುತ್ತುಗಳು ಹೀಗಿದ್ದವು: 1:34, 1:55, 2:12, 2:20, 2:24, 2:15. ಒಟ್ಟು 12:40, ಫೇಲು. ನಾಲ್ಕನೇ ಸುತ್ತಿಗೆ ಅವನ ಭುಜ ಕಿವಿಯ ಹತ್ತಿರ ಏರಿತ್ತು, ಕೈ ಬಿಗಿಯಾಗಿ ಮುಷ್ಟಿ ಹಿಡಿದಿತ್ತು. ಮೂರು ವಾರ ನಾವು ಮಾಡಿದ್ದು ಒಂದೇ ಕೆಲಸ, ಮೊದಲ 200 ಮೀಟರ್ ಅನ್ನು ಸರಿಯಾಗಿ ಒಂದು ನಿಮಿಷಕ್ಕೆ ಓಡುವುದು. 55 ಸೆಕೆಂಡಿಗೆ ಬಂದರೆ ವಾಪಸ್ ಕಳಿಸುತ್ತಿದ್ದೆ. ಮುಂದಿನ ಸಲ ಅವನು 2:00, 2:00, 2:01, 2:00, 1:59, 1:50 ಓಡಿದ. ಒಟ್ಟು 11:50. ಮೊದಲ ಸುತ್ತಿನಲ್ಲಿ ಎಲ್ಲರೂ ಅವನನ್ನು ದಾಟಿ ಹೋಗಿದ್ದರು. ಐದನೇ ಸುತ್ತಿನಲ್ಲಿ ಅವರಲ್ಲಿ ಮುಕ್ಕಾಲು ಪಾಲು ಜನರನ್ನು ಅವನು ದಾಟಿದ.

## ಹಂತ 9: ಭಾರ ಹೊತ್ತು ನಡೆಯುವುದು

ಸೇರಿದ ಮೇಲೆ ತರಬೇತಿಯಲ್ಲಿ ಬೆನ್ನಿಗೆ ಭಾರ ಬಿದ್ದೇ ಬೀಳುತ್ತದೆ. ಓಟದಲ್ಲಿ ನೋವಿಲ್ಲದಿದ್ದರೆ 10ನೇ ವಾರದಿಂದ ವಾರಕ್ಕೊಮ್ಮೆ, ಒಂದು ನಡಿಗೆಯ ಬದಲು ಇದನ್ನು ಮಾಡಿ. ಮೈತೂಕದ ಹತ್ತು ಪರ್ಸೆಂಟ್ ಭಾರ, 3 ಕಿ.ಮೀ. ಒಂದು ವಾರ ದೂರ ಹೆಚ್ಚಿಸಿದರೆ ಆ ವಾರ ಭಾರ ಹೆಚ್ಚಿಸಬೇಡಿ. ಸೇರುವ ಮುನ್ನ 20 ಪರ್ಸೆಂಟ್ ದಾಟುವುದು ಬೇಡ. ಭಾರ ಬೆನ್ನಿಗೆ ಅಂಟಿಕೊಂಡು ಭುಜಗಳ ನಡುವೆ ಮೇಲಕ್ಕಿರಲಿ, ಕೆಳಗೆ ಜೋತಾಡಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಭಾರ ಹೊತ್ತು ಓಡಲೇಬೇಡಿ. ಬೆರಳು ಜೋಮು ಹಿಡಿದರೆ ಪಟ್ಟಿ ಭುಜದ ನರವನ್ನು ಒತ್ತುತ್ತಿದೆ, ಸಡಿಲ ಮಾಡಿ.

## ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಇವುಗಳಲ್ಲಿ ಯಾವುದಕ್ಕೂ "ಇನ್ನೊಂದು ಸುತ್ತು ನೋಡೋಣ" ಅನ್ನಬೇಡಿ.

ಎದೆ ನೋವು, ತಲೆ ತಿರುಗಿ ಬೀಳುವುದು, ಎದೆಬಡಿತ ತಾಳ ತಪ್ಪುವುದು. ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಬಿಸಿಲಿನ ಹೊಡೆತ. ಓಡುತ್ತಿದ್ದವರು ತೊದಲುತ್ತಾರೆ, ಸಂಬಂಧವಿಲ್ಲದ ಮಾತಾಡುತ್ತಾರೆ, ಓಲಾಡುತ್ತಾರೆ, ಬೀಳುತ್ತಾರೆ. ಮೈ ಒಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಬೆವರು ಬರುತ್ತಿದೆ ಅಂತ ಸಮಾಧಾನ ಪಡಬೇಡಿ, ಓಟದಲ್ಲಿ ಬರುವ ಬಿಸಿಲ ಹೊಡೆತದಲ್ಲಿ ಬೆವರು ಇದ್ದೇ ಇರಬಹುದು. ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಸುಮ್ನೆ ಕಾಯಬೇಡಿ. ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿಸಿ, ತಲೆ ಹಿಡಿದುಕೊಂಡಿರಿ. ತೊಟ್ಟಿ ಇಲ್ಲದಿದ್ದರೆ ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ. ಮೊದಲು ತಂಪು ಮಾಡುವುದು, ಆಮೇಲೆ ಸಾಗಿಸುವುದು. ಬಿಸಿ ವಾತಾವರಣಕ್ಕೆ ಮೈ ಒಗ್ಗಲು 10ರಿಂದ 14 ದಿನ ಬೇಕು, ಅಲ್ಲಿಯವರೆಗೆ ವೇಗ ಮತ್ತು ದೂರ ಎರಡನ್ನೂ ಇಳಿಸಿ.

ಕಡುಗಂದು ಮೂತ್ರ. ಬಹಳ ದಿನ ಬಿಟ್ಟು ಒಂದೇ ದಿನ ನೂರಾರು ಸ್ಕ್ವಾಟ್ ಹೊಡೆದವರಿಗೆ ಇದು ಬರಬಹುದು. ಸ್ನಾಯು ಊದಿ, ಮುಟ್ಟಲಾಗದ ನೋವಿದ್ದು, ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಅದರ ಅಂಶ ಮೂತ್ರಪಿಂಡಕ್ಕೆ ಹೋಗುತ್ತಿದೆ ಅಂತ ತಿಳಿಯಿರಿ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನೀರು ಕುಡಿಯುವುದರಲ್ಲೂ ಮಿತಿ. ಬಾಯಾರಿದಂತೆ ಕುಡಿಯಿರಿ. ಗಂಟೆಗಟ್ಟಲೆ ಲೀಟರುಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಂತಿ, ಗೊಂದಲ, ಫಿಟ್ಸ್ ಕೂಡ ಬರಬಹುದು.

## ಹಂತ 10: ಕೊನೆಯ ವಾರ

16ನೇ ವಾರ ಹೊಸದಾಗಿ ಏನನ್ನೂ ಗಳಿಸಲು ಆಗುವುದಿಲ್ಲ, ಗಳಿಸಿದ್ದನ್ನು ಕಳೆದುಕೊಳ್ಳಬಹುದು ಅಷ್ಟೇ. ಓಟವನ್ನು ಅರ್ಧಕ್ಕೆ ಇಳಿಸಿ. ವಾರದ ಶುರುವಿನಲ್ಲಿ ಒಮ್ಮೆ ಪರೀಕ್ಷೆಯ ವೇಗದಲ್ಲಿ ಎರಡು ಸುತ್ತು ಓಡಿ, ಸಾಕು. ಭಾರದ ನಡಿಗೆ ಬೇಡ. ಬಲದ ವ್ಯಾಯಾಮ ಪರೀಕ್ಷೆಗೆ ಮೂರು ದಿನ ಮುಂಚೆ ನಿಲ್ಲಲಿ. ಊಟವನ್ನು ಇನ್ನು ಕಡಿಮೆ ಮಾಡಬೇಡಿ, ತೂಕ ನಿಲ್ಲುವಷ್ಟು ತಿನ್ನಿ. ನಿದ್ದೆ ದಿನಕ್ಕೆ ಏಳರಿಂದ ಒಂಬತ್ತು ಗಂಟೆ.

ತೂಕ ಇನ್ನೂ ಎರಡು ಕಿಲೋ ಜಾಸ್ತಿ ಇದೆ, ಏನು ಮಾಡಲಿ? ಈ ಪ್ರಶ್ನೆ ಕೊನೆಯ ವಾರ ಬಂದೇ ಬರುತ್ತದೆ. ನೀರು ಬಿಡುವುದು, ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುವುದು, ಮೂತ್ರ ಹೆಚ್ಚಿಸುವ ಮಾತ್ರೆ, ಭೇದಿ ಮಾತ್ರೆ, ಯಾವುದನ್ನೂ ಮುಟ್ಟಬೇಡಿ. 1997ರ ಕೊನೆಯ ಎರಡು ತಿಂಗಳಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ನೀರು ಇಳಿಸಿ ತೂಕ ತಗ್ಗಿಸಲು ಹೋಗಿ ಸತ್ತರು. ಅವರೆಲ್ಲ ನಮಗಿಂತ ಗಟ್ಟಿಯಾದ, ತರಬೇತಿ ಪಡೆದ ಮೈಯವರು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಕಡಿಮೆಯಾಗುತ್ತದೆ, ಬೆವರು ತಗ್ಗುತ್ತದೆ, ಒಳಗಿನ ಬಿಸಿ ಏರುತ್ತದೆ. ಪೊಟ್ಯಾಸಿಯಂ ಏರುಪೇರಾದರೆ ಹೃದಯದ ತಾಳವೇ ತಪ್ಪುತ್ತದೆ. ಮುಂದಿನ ದಿನಾಂಕ ಕೇಳಿ ಪಡೆಯಿರಿ. ಆ ಎರಡು ಕಿಲೋ ಮೂರು-ನಾಲ್ಕು ವಾರದ ಕೆಲಸ.

ಹಿಂದಿನ ರಾತ್ರಿ ನಿಮಗೆ ಒಗ್ಗಿದ ಊಟವನ್ನೇ ಮಾಡಿ, ಹೊಸದೇನೂ ಬೇಡ. ಶೂ, ಕಾಲುಚೀಲ, ದಾಖಲೆಗಳನ್ನು ಚೀಲದಲ್ಲಿಡಿ. ಶೂ ಕನಿಷ್ಠ ಮೂರು ವಾರ ಹಾಕಿ ಓಡಿದ್ದೇ ಆಗಿರಲಿ. ಬೆಳಿಗ್ಗೆ ಓಟಕ್ಕೆ ಎರಡು-ಮೂರು ಗಂಟೆ ಮುಂಚೆ ಹಗುರಾಗಿ ತಿನ್ನಿ. ಸರದಿ ಬರುವ 15 ನಿಮಿಷ ಮುಂಚೆ ಐದು ನಿಮಿಷ ಜಾಗಿಂಗ್, ಆಮೇಲೆ 60 ಮೀಟರ್ ಸ್ವಲ್ಪ ವೇಗವಾಗಿ ಮೂರು ಸಲ. ಸರದಿ ತಡವಾದರೆ ಮೈ ತಣ್ಣಗಾಗಲು ಬಿಡಬೇಡಿ, ನಿಂತಲ್ಲೇ ಹೆಜ್ಜೆ ಹಾಕುತ್ತಿರಿ. ಸೀಟಿ ಊದಿದಾಗ ಸುತ್ತಲಿನವರು ಬಾಣದಂತೆ ಹೊರಡುತ್ತಾರೆ. ಅವರನ್ನು ಹೋಗಲು ಬಿಡಿ, ಮೊದಲ 200 ಮೀಟರ್ ನಿಮ್ಮ ಗಡಿಯಾರ ಹೇಳಿದಂತೆ ಓಡಿ.